ಬಿಳಿಚಿದ ಮೇಜು

ಪಾಲಿಶಣ್ಣ ಮುಟ್ಟಿದರೆ ಸತ್ತ ಮರವೂ ಎದ್ದು ಕೂರುತ್ತದೆ. ಇದು ಅವನದೇ ಅಭಿಪ್ರಾಯ, ಆದರೆ ಸುಳ್ಳಲ್ಲ. ಆರು ವರ್ಷ ಸೇತುವೆಯ ಕೆಳಗೆ ಮಲಗಿ ಎದ್ದವನು ಅವನು. ಅದರಲ್ಲಿ ಮುಕ್ಕಾಲು ಪಾಲು ಕಾಲವನ್ನು ಕುಡಿದೇ ಕಳೆದಿದ್ದ. ಹೆಂಡತಿ ಬಾಗಿಲು ಹಾಕಿದಳು, ಒಡಹುಟ್ಟಿದ ತಮ್ಮನೂ ಹಾಕಿದ. ಎಲ್ಲ ಹೋದರೂ ಕೈಯೊಂದು ಉಳಿದಿತ್ತು, ಆ ಕೈಯ ಬಗ್ಗೆ ಅವನಿಗಿದ್ದ ಜಂಬವೂ ಉಳಿದಿತ್ತು. ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾದ ಮೇಲಂತೂ ಆ ಜಂಬಕ್ಕೆ ಮೈ ಬಂದಿತ್ತು.

ಊರಿನ ಲೈಬ್ರರಿಯಲ್ಲಿ ಪಾಲಿಶ್ ಕೆಲಸ ಕೊಡಿಸಿದವಳು, ಅವನು 'ಬರೆಯೋ ತಂಗಿ' ಎಂದು ಕರೆಯುತ್ತಿದ್ದ ಹುಡುಗಿ. ಅವಳು ವಿಶ್ವವಿದ್ಯಾಲಯದ ಸಂಶೋಧಕಿ. ಮನೆಯಿಲ್ಲದವರು ಹೇಗೆ ಬದುಕುತ್ತಾರೆ, ಕುಡಿತಕ್ಕೆ ಹೇಗೆ ಬೀಳುತ್ತಾರೆ, ಅವರನ್ನು ಕಂಡರೆ ಊರು ಯಾಕೆ ಮುಖ ತಿರುಗಿಸುತ್ತದೆ ಎಂದು ಒಂದು ವರ್ಷದಿಂದ ಸೇತುವೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು ಬರೆಯುತ್ತಿದ್ದಳು. "ನಮ್ಮ ತಲೆ ಹೇನೊಂದು ಬಿಟ್ಟು ಎಲ್ಲಾ ಬರ್ಕೊಂಡಾಯ್ತಲ್ಲಮ್ಮ" ಎಂದು ಅವನು ರೇಗಿಸುತ್ತಿದ್ದ. ಅವಳ ಮೇಲೆ ಅವನಿಗಿದ್ದದ್ದು ಒಂದೇ ಮುನಿಸು. ನೋಟ್‌ಬುಕ್ಕಿನಲ್ಲಿ ಅವನ ಕಸುಬನ್ನು 'ಹಿಂದೆ ಪಾಲಿಶ್ ಕೆಲಸ' ಎಂದು ಬರೆದಿದ್ದಳು.

"ಹಿಂದೆ ಅಂದ್ರೇನು ತಂಗಿ? ಈಗ ನನ್ನ ಕೈ ಬಿದ್ದುಹೋಗಿದ್ಯಾ?"

ಅವಳು ನಕ್ಕು ಹಾಳೆ ತಿರುಗಿಸಿದ್ದಳು. ಅವನಿಗೆ ಆ ನಗು ಹಿಡಿಸಿರಲಿಲ್ಲ.

ಓದುವ ಕೋಣೆಯಲ್ಲಿ ಹದಿನಾರು ಅಡಿಯ ಹಳೆಯ ಮೇಜೊಂದಿತ್ತು. ಅದು ಚೆನ್ನಾಗಿ ಬಂದರೆ ನಲವತ್ತು ಕುರ್ಚಿ, ಕಪಾಟುಗಳ ಕೆಲಸವೆಲ್ಲ ಅವನಿಗೇ, ಜೊತೆಗೆ ಲೈಬ್ರರಿಯ ಹಿಂಬದಿಯ ಸಣ್ಣ ಕೋಣೆಯೂ ಅವನಿಗೇ ಎಂದು ಲೈಬ್ರರಿಯ ಮುಖ್ಯಸ್ಥರು ಹೇಳಿದ್ದರು. ಆ ಕೋಣೆಯನ್ನು ಪಾಲಿಶಣ್ಣ ಒಮ್ಮೆ ಇಣುಕಿ ನೋಡಿದ್ದ. ಬಾಗಿಲಿಗೆ ಒಳಗಡೆಯಿಂದ ಚಿಲಕವಿತ್ತು. ಆರು ವರ್ಷದಲ್ಲಿ ಅವನು ಒಳಗಿನಿಂದ ಚಿಲಕ ಹಾಕಿ ಮಲಗಿದ್ದೇ ಇಲ್ಲ.

ಈ ಕೆಲಸದಲ್ಲಿ ಒಂದು ತೊಡಕಿತ್ತು. ಪಾಲಿಶಿಗೆ ಹಾಕುವ ಅರಗನ್ನು ಕರಗಿಸಬೇಕಾದರೆ ಸ್ಪಿರಿಟ್ ಬೇಕು. ಕೈ ಬರಿದಾದ ದಿನಗಳಲ್ಲಿ ಅವನು ಅದನ್ನೇ ಕುಡಿದವನು, ಕಣ್ಣು ಉಳಿದದ್ದೇ ಪುಣ್ಯ. ನುರಿತ ಪಾಲಿಶಿನವರು ಪ್ರತಿ ಡಬ್ಬವನ್ನೂ ಮೂಸಿಯೇ ಅದರ ಗುಣ ಹೇಳುತ್ತಾರೆ. ಅವನೂ ಹಾಗೆಯೇ ಕಲಿತವನು. ಈಗ ಮಾತ್ರ ನೋವಿನ ಮುಲಾಮು ಸವರಿದ ಬಟ್ಟೆಯನ್ನು ಮೂಗಿಗೆ ಬಿಗಿದು ಕಟ್ಟಿಕೊಂಡೇ ಡಬ್ಬ ತೆರೆಯುತ್ತಿದ್ದ. ಹಳೆಯ ಚಾಳಿಯ ಬಾಗಿಲು ಮೂಗಿನಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು.

ಮೊದಲ ಮೂರು ದಿನ ಎಲ್ಲ ಸರಾಗ. ಉಪ್ಪುಕಾಗದದಲ್ಲಿ ಉಜ್ಜಿದ, ಹತ್ತಿ ಸುತ್ತಿದ ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರ ಎಳೆದ. ಮೇಜಿನಲ್ಲಿ ಕಿಟಕಿಯ ಸರಳುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ನಾಲ್ಕನೆಯ ದಿನ, ಮೊದಲ ಡಬ್ಬದ ಸ್ಪಿರಿಟ್ ತಳ ಕಂಡಿದ್ದರಿಂದ ಎರಡನೆಯ ಡಬ್ಬ ತೆರೆದು, ಪಾಲಿಶನ್ನು ತೆಳು ಮಾಡಿ, ಕೊನೆಯ ಪದರ ಎಳೆದ. ಕಣ್ಣೆದುರಿಗೇ ಮೇಜು ಬಿಳಿಚಿಕೊಂಡಿತು. ಹದಿನಾರು ಅಡಿಯುದ್ದಕ್ಕೂ ಮಬ್ಬು.

ಅದೇ ಹೊತ್ತಿಗೆ ಮುಖ್ಯಸ್ಥರು ಬಂದರು, ಹಿಂದೆಯೇ ತಂಗಿ.

"ಏನಯ್ಯಾ ಇದು?"

"ಸ್ಪಿರಿಟ್ಟಲ್ಲಿ ನೀರಿದೆ ಸಾರ್. ನೀರು ಸೇರಿದ್ರೆ ಅರಗು ಹಿಂಗೇ ಬೆಳ್ಳಗಾಗೋದು."

"ಸೀಲ್ ಹಾಕಿದ ಡಬ್ಬ ತರಿಸಿಕೊಟ್ಟಿದ್ದೆ. ನೀರು ಎಲ್ಲಿಂದ ಬರತ್ತೆ? ಕುಡಿದು, ಅಳತೆ ಸರಿಹೋಗ್ಲಿ ಅಂತ ನಲ್ಲಿ ನೀರು ತುಂಬಿಸಿದೀಯ. ಎಲ್ಲಿ, ಬಾಯಿ ಊದು."

ಪಾಲಿಶಣ್ಣನ ಕಿವಿ ಬಿಸಿಯಾಯಿತು. "ಮೂಸಿ ನೋಡೋಕೆ ನಾನೇನು ಹಾಲಿನ ಪಾತ್ರೇನಾ ಸಾರ್? ಮೂಸೋದಿದ್ರೆ ಡಬ್ಬ ಮೂಸಬೇಕು. ಆ ಕೆಲಸ ನಂದು. ಮಾಡ್ಲಿಲ್ಲ, ಅದು ನನ್ನ ತಪ್ಪು. ಈಗ ಮಾಡ್ತೀನಿ."

ಮೂಗಿನ ಬಟ್ಟೆ ಬಿಚ್ಚಿದ. "ಅಣ್ಣಾ, ಬೇಡ" ಎಂದಳು ತಂಗಿ. ಅವನು ಕೇಳಲಿಲ್ಲ. ತಳದಲ್ಲಿ ಒಂದಿಷ್ಟು ಉಳಿದಿದ್ದ ಮೊದಲ ಡಬ್ಬಕ್ಕೆ ಮೂಗಿಟ್ಟು ದೀರ್ಘವಾಗಿ ಉಸಿರೆಳೆದ. ಹೊಟ್ಟೆಯೊಳಗೆ ಯಾವುದೋ ಹಳೆಯ ನಾಯಿ ತಲೆಯೆತ್ತಿತು. ಅವನು ಕದಲದೆ ನಿಂತ. ನಾಯಿ ಮತ್ತೆ ಮಲಗಿತು.

"ಇದು ಅಸಲಿ" ಎಂದ. ಎರಡನೆಯದನ್ನು ಮೂಸಿದ. "ಇದರಲ್ಲಿ ಕಾಲು ಭಾಗ ನೀರು. ಮಾತು ಬೇಡ, ಹೊರಗೆ ಬನ್ನಿ."

ಹೊರಗಿನ ಮೆಟ್ಟಿಲ ಮೇಲೆ ಎರಡು ತಟ್ಟೆಯಿಟ್ಟು, ಒಂದೊಂದು ಡಬ್ಬದಿಂದ ಒಂದೊಂದು ಚಮಚ ಸುರಿದು ಕಡ್ಡಿ ಗೀರಿದ. ಮೊದಲನೆಯದು ಉರಿದು ಮುಗಿದಾಗ ತಟ್ಟೆ ಒಣಗಿತ್ತು. ಎರಡನೆಯದು ಬೇಗ ಆರಿತು, ತಳದಲ್ಲಿ ನೀರು ನಿಂತಿತ್ತು.

"ನೀರಿದೆ ಅಂತ ನಾನೂ ಒಪ್ತೀನಿ. ಹಾಕಿದ್ದು ಯಾರು ಅನ್ನೋದು ತಾನೆ ಪ್ರಶ್ನೆ?" ಎಂದರು ಮುಖ್ಯಸ್ಥರು.

"ನಾನು" ಎಂದಳು ತಂಗಿ.

ಅವಳ ಮುಖ ಮೇಜಿಗಿಂತ ಹೆಚ್ಚು ಬಿಳಿಚಿತ್ತು. ನಿನ್ನೆ ಸಂಜೆ ಅವನು ಹೊರಟ ಮೇಲೆ ಬಂದಿದ್ದಳಂತೆ. ಸೀಲ್ ನಾಜೂಕಾಗಿ ಬಿಡಿಸಿ ಒಂದಿಷ್ಟು ಚೆಲ್ಲಿ, ಅಷ್ಟೇ ನೀರು ಸೇರಿಸಿ ಮತ್ತೆ ಅಂಟಿಸಿದ್ದಳಂತೆ. "ಅಕಸ್ಮಾತ್ ಕುಡಿದ್ರೂ ಜೀವಕ್ಕೆ ಅಪಾಯ ಕಡಿಮೆಯಾಗ್ಲಿ ಅಂತ ಅಣ್ಣಾ. ಪಾಲಿಶ್ ಕೆಡತ್ತೆ ಅಂತ ಗೊತ್ತಿರ್ಲಿಲ್ಲ."

ಪಾಲಿಶಣ್ಣ ತಟ್ಟೆಯಲ್ಲಿ ನಿಂತ ನೀರನ್ನು ಮೆಟ್ಟಿಲ ಕೆಳಗೆ ಚೆಲ್ಲಿದ. ಮುಖ್ಯಸ್ಥರ ಮಾತು ಅವನಿಗೆ ಕೋಪ ತರಿಸಿತ್ತು. ಇವಳ ಮಾತು ನೋವು ಕೊಟ್ಟಿತು.

"ನಿನ್ನ ಬರಹದಲ್ಲಿ ನಂಬಿಕೆ ಅಂತ ಒಂದು ಅಧ್ಯಾಯಾನೇ ಬರೆದಿದೀನಿ ಅಂದಿದ್ಯಲ್ಲ ತಂಗಿ, ಅದಕ್ಕೂ ಹೀಗೇ ನೀರು ಬೆರೆಸಿದ್ಯಾ?"

ಅವಳು ಬಿಕ್ಕಿದಳು. ಅಳು ನೋಡಿ ಅವನಿಗೆ ಕರುಳು ಚುರುಕ್ ಎಂದಿತು. ಆದರೆ ಸಮಾಧಾನ ಹೇಳಲಿಲ್ಲ. ತನ್ನ ಮರ್ಯಾದೆಯೂ ಮರ್ಯಾದೆಯೇ.

"ಸಾರ್, ಇವಳನ್ನ ಬಯ್ಯಬೇಡಿ. ಸಂಜೆವರೆಗೆ ನನ್ನ ಕೈಕೆಳಗೆ ಕೆಲಸಕ್ಕೆ ಬಿಡಿ."

ಮೊದಲ ಡಬ್ಬದ ಸ್ಪಿರಿಟ್ಟನ್ನು ಉಂಡೆಗೆ ಹನಿಸಿ ಅವನು ಮೇಜಿನ ಮೇಲೆ ಹಗುರವಾಗಿ ಎಳೆದ. ಎಳೆದಲ್ಲೆಲ್ಲ ಮಬ್ಬು ಕರಗಿ ಹೊಳಪು ಮರಳಿತು. ಆಚೆ ತುದಿಯಿಂದ ತಂಗಿ ಎಳೆದಳು. "ಒತ್ತಬೇಡ. ನಿಲ್ಲಿಸಬೇಡ. ನಿಲ್ಲಿಸಿದ ಕಡೆ ಕಲೆ ಬೀಳತ್ತೆ" ಎಂದು ಅವನು ಹತ್ತು ಸಲ ಗದರಿದ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇ ಇಲ್ಲ, ಕಟ್ಟಿಕೊಂಡಿಲ್ಲ ಎಂಬುದು ಅವನಿಗೆ ಮಧ್ಯಾಹ್ನ ಕಳೆದ ಮೇಲೆ ನೆನಪಾಯಿತು.

ಸಂಜೆ ಮೇಜಿನಲ್ಲಿ ಕಿಟಕಿಯ ಸರಳುಗಳು ಮತ್ತೆ ಮೂಡಿದ್ದವು. ಮುಖ್ಯಸ್ಥರು ಮೇಜಿನ ಸುತ್ತ ಎರಡು ಸಲ ನಡೆದರು. ಆಮೇಲೆ ಹಿಂಬದಿಯ ಕೋಣೆಯ ಬೀಗದ ಕೈ ಚಾಚಿ, "ತಪ್ಪು ತಿಳ್ಕೊಂಡೆ, ಮೇಸ್ತ್ರಿ" ಎಂದರು. ಬೆಳಿಗ್ಗೆ 'ಏನಯ್ಯಾ' ಎಂದಿದ್ದ ಬಾಯಿ ಅದು. ಪಾಲಿಶಣ್ಣ ಕೈ ಒರೆಸಿಕೊಂಡು, ಅವಸರ ಮಾಡದೆ ಅದನ್ನು ತೆಗೆದುಕೊಂಡ.

ತಂಗಿ ಬ್ಯಾಗು ಹೆಗಲಿಗೇರಿಸಿ ಬಾಗಿಲ ಬಳಿ ನಿಂತಿದ್ದಳು. ಹೋಗಲೂ ಆಗದು, ನಿಲ್ಲಲೂ ಆಗದು.

"ನಿನ್ನ ನೋಟ್‌ಬುಕ್ ತೆಗಿ" ಎಂದ.

ತೆಗೆದಳು. ತನ್ನ ಬಗ್ಗೆ ಬರೆದಿದ್ದ ಪುಟ ಹುಡುಕಿಸಿದ. ಅವಳು ಪೆನ್ನು ತೆಗೆದು, ಕೇಳದೆಯೇ 'ಹಿಂದೆ' ಎಂಬುದನ್ನು ಹೊಡೆದುಹಾಕಿದಳು. ಉಳಿದದ್ದು 'ಪಾಲಿಶ್ ಕೆಲಸ'. ಅವನು ಮೇಜನ್ನು ನೋಡುವಂತೆಯೇ ಆ ಹಾಳೆಯನ್ನು ಬೆಳಕಿಗೆ ವಾಲಿಸಿ ಪರೀಕ್ಷಿಸಿದ.

ಅವಳು ಪುಸ್ತಕ ಮುಚ್ಚಲು ಹೋದಳು.

"ತಾಳು ತಂಗಿ, ಮುಚ್ಚಬೇಡ" ಎಂದ ಪಾಲಿಶಣ್ಣ. "ಚೆನ್ನಾಗಿ ಒಣಗ್ಲಿ."