ಎರಡು ಮುಳ್ಳು, ಒಂದೇ ಸುಳ್ಳು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಶ್ರೀನಿವಾಸಪುರದ ಕಥೆ ಅಂದಮೇಲೆ ಮಾವಿನ ವಾಸನೆಯಿಂದ ಶುರು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಹಾಗೆಂದು ಒಂದು ಪ್ಯಾರಾ ಬರೆದೂ ಬಿಟ್ಟೆ. ಬಸ್ ಸ್ಟ್ಯಾಂಡ್ ಹಿಂದೆ ಮೂವತ್ತೆರಡು ವರ್ಷದಿಂದ ಬೈಕ್ ರಿಪೇರಿ ಮಾಡುವ ಮುನಿಯಲ್ಲಪ್ಪನೇ ನನ್ನ ಕಥಾನಾಯಕ. ಅವನಿಗೇ ಓದಿ ಹೇಳಲು ಹೋದೆ.

"ಬಲಗಡೆ ಬಂದು ಕೂತ್ಕೋ. ಆ ಕಡೆ ಬಿಸಿಲು" ಎಂದ. ಪೂರ್ತಿ ಕೇಳಿದ ಮೇಲೆ, "ನನ್ನ ಗ್ಯಾರೇಜಲ್ಲಿ ಪೆಟ್ರೋಲ್ ವಾಸ್ನೆ ಬಿಟ್ರೆ ಇನ್ನೇನೈತಯ್ಯಾ? ಮಾವಿನಕಾಯಿ ಬೇಕಂದ್ರೆ ಮಂಡಿಗೆ ಹೋಗು" ಎಂದ.

ಪ್ಯಾರಾ ಹೊಡೆದು ಹಾಕಿದೆ. (ಚೆನ್ನಾಗಿತ್ತು, ನಿಮಗೆ ಲಕ್ಕಿಲ್ಲ.)

೧, ಮತ್ತೆ

ಹೀಗೆ ಶುರುವಾಗಲಿ: ಮುನಿಯಲ್ಲಪ್ಪನ ಮುಂದೆ ಗಡಿಯಾರದಂಥ ಎರಡು ಮೀಟರುಗಳಿದ್ದವು. ಎರಡೂ ಬೇರೆ ಬೇರೆ ಮಾತಾಡುತ್ತಿದ್ದವು.

ಮಾಲೂರಿನ ಮುರಳಿಮೋಹನ್ ಎಂಬಾತ ತನ್ನ ಹಳೆಯ ಬೈಕ್ ತಂದು ನಿಲ್ಲಿಸಿದ್ದ. ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. ಅವೆರಡೂ ಸಮಸಮ ಎಳೆಯದಿದ್ದರೆ ಗಾಡಿ ನಡುಗುತ್ತದೆ. ಇದಕ್ಕೆ ನಾನು ದಾಂಪತ್ಯದ ಹೋಲಿಕೆ ಕೊಡಲು ಹೊರಟಿದ್ದೆ. ಮುನಿಯಲ್ಲಪ್ಪ ತಡೆದ.

"ಇಬ್ರು ಟೊಮೆಟೊ ಕ್ರೇಟ್ ಎತ್ತಿದಂಗೆ ಅಂತ ಬರಿ. ಒಬ್ಬ ಜಾಸ್ತಿ ಎತ್ತಿದ್ರೆ ಇನ್ನೊಬ್ಬನ ಕಾಲ್ಮೇಲೆ ಹಣ್ಣು. ಅಷ್ಟೆ."

೨

ಈಗ ಅವನು ಬರೆಯಬೇಡ ಎಂದ ವಿಷಯ.

ಊರಲ್ಲಿ ಅವನ ಹೆಸರು ಕಿವಿ ಮುನಿಯಲ್ಲಪ್ಪ. ಸ್ಕ್ರೂಡ್ರೈವರಿನ ತುದಿಯನ್ನು ಕಾರ್ಬುರೇಟರಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. "ಎಡಗಡೇದು ಕಾಲು ಸುತ್ತು ಜಾಸ್ತಿ ಕುಡೀತೈತೆ" ಎನ್ನುತ್ತಿದ್ದ. ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ನಡುಕ ನಿಲ್ಲುತ್ತಿತ್ತು. ಮುಳಬಾಗಿಲಿನಿಂದ, ಕೋಲಾರದಿಂದ ಜನ ಹುಡುಕಿಕೊಂಡು ಬರುತ್ತಿದ್ದುದು ಗ್ಯಾರೇಜಿಗಲ್ಲ, ಆ ಕಿವಿಗೆ.

ಎರಡು ವರ್ಷದಿಂದ ಎಡಕಿವಿ ಪೂರ್ತಿ ಹೋಗಿತ್ತು, ಬಲದ್ದು ಹೊರಡುವ ತಯಾರಿಯಲ್ಲಿತ್ತು. ಹೆಂಡತಿ ಆಂಜಿನಮ್ಮನಿಗೂ ಹೇಳಿರಲಿಲ್ಲ. ವಿಷಯ ಹೊರಬಿದ್ದರೆ ಕಿವಿ ಮುನಿಯಲ್ಲಪ್ಪನಲ್ಲಿ ಉಳಿಯುವುದು ಬರೀ ಮುನಿಯಲ್ಲಪ್ಪ. ಅಂಥವರನ್ನು ಹುಡುಕಿಕೊಂಡು ಯಾರೂ ಮೂರು ತಾಲ್ಲೂಕು ದಾಟುವುದಿಲ್ಲ. ಮೀಟರು ತರಿಸಿದ್ದು ಅದಕ್ಕೇ, ಕಿವಿಯ ಕೆಲಸ ಕಣ್ಣು ಮಾಡಲಿ ಎಂದು. ಕೇಳಿದವರಿಗೆ "ಈಗೆಲ್ಲ ಟೆಕ್ನಾಲಜಿ ಕಣ್ರೀ" ಎಂದಿದ್ದ.

(ಗುಟ್ಟನ್ನು ಎರಡನೇ ತುಂಡಿನಲ್ಲೇ ಬಿಟ್ಟುಕೊಟ್ಟೆ. ಒಳ್ಳೆಯ ಕಥೆಗಾರನಾಗಿದ್ದರೆ ಏಳರ ತನಕ ಕಾಯುತ್ತಿದ್ದ. ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ.)

೩

ಆನ್‌ಲೈನಿನಲ್ಲಿ ಜೋಡಿ ಮೀಟರ್ ಬಂದಿತ್ತು. ಅದರಲ್ಲೊಂದು ದಾರಿಯಲ್ಲೇ ಒಡೆದಿತ್ತು. ಅದರ ಬದಲಿಗೆ, ವಕ್ಕಲೇರಿಯಲ್ಲಿ ಹಸು ಸಾಕಿರುವ ಕೋದಂಡರಾಮಪ್ಪನವರ ಹಾಲು ಕರೆಯುವ ಹಳೆಯ ಮಿಷನ್ನಿನಿಂದ ಮುನಿಯಲ್ಲಪ್ಪ ಒಂದನ್ನು ಬಿಚ್ಚಿ ತಂದಿದ್ದ. ಎರಡೂ ಗಾಳಿಯ ಎಳೆತ ಅಳೆಯುವವೇ. ಆದರೆ ಒಂದಕ್ಕೆ ಇಂಜಿನ್ ಗೊತ್ತು, ಇನ್ನೊಂದಕ್ಕೆ ಕೆಚ್ಚಲು. ಒಂದೇ ಎಳೆತಕ್ಕೆ ಇದು ಇಪ್ಪತ್ತು ಎಂದರೆ ಅದು ಇಪ್ಪತ್ತೇಳು ಎನ್ನುತ್ತಿತ್ತು.

ಮೊದಲು ಇವೆರಡಕ್ಕೆ ರಾಜಿ ಮಾಡಿಸಬೇಕು. ಒಂದು ಪೈಪನ್ನು ಕವಲೊಡೆಸಿ ಎರಡು ಮೀಟರಿಗೂ ಕೊಟ್ಟು, ಬುಡಕ್ಕೆ ಹಸುವಿನ ಇಂಜೆಕ್ಷನ್ನಿನ ದೊಡ್ಡ ಸಿರಿಂಜ್ ಸಿಕ್ಕಿಸಿದ. ಸಿರಿಂಜ್ ಎಳೆದರೆ ಎರಡಕ್ಕೂ ಒಂದೇ ಎಳೆತ. ಹಾಲಿನ ಮೀಟರಿನ ಗಾಜಿನ ಅಂಚಿಗೆ, ಮುಳ್ಳು ಮರೆಯಾಗದಂತೆ, ಬಿಳಿ ಕಾಗದದ ಪಟ್ಟಿ ಅಂಟಿಸಿದ. ಇಂಜಿನ್ ಮೀಟರು ಐದು ತೋರಿಸಿದಾಗ ಇದರ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ಲಿನಲ್ಲಿ ಐದು. ಹತ್ತು ತೋರಿಸಿದಾಗ ಹತ್ತು.

"ಆ ಮೀಟರ್ ಹೇಳೋದೇ ನಿಜ ಅಂತ ಹೆಂಗೆ ಗೊತ್ತಣ್ಣ?" ಎಂದ ಮುರಳಿಮೋಹನ್.

"ನಿಜ ಯಾವನಿಗೆ ಬೇಕು? ಎರಡೂ ಒಂದೇ ಸುಳ್ಳು ಹೇಳಿದ್ರೆ ಸಾಕು. ಗಾಡಿ ನಡುಗಲ್ಲ."

(ಇದನ್ನು ಕಥೆಯ ಕೊನೆಯ ಸಾಲು ಮಾಡಬೇಕೆಂದಿದ್ದೆ. ಬಾಯಿ ಮತ್ತೆ ಮೋಸ ಮಾಡಿತು.)

೪

ಟೀ ತಂದ ಆಂಜಿನಮ್ಮನನ್ನು ಮುಳ್ಳು ನೋಡಲು ಕೂರಿಸಿದರು. ಹದಿನೈದು ಬಂದಾಗ ಹೇಳಬೇಕು. ಮುರಳಿಮೋಹನ್ ಸಿರಿಂಜ್ ಎಳೆಯುತ್ತಿದ್ದ. ಮುನಿಯಲ್ಲಪ್ಪ ಬೆನ್ನು ತಿರುಗಿಸಿಕೊಂಡು ಬ್ಲೇಡಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದ. ಎಡಕಿವಿ ಇವರ ಕಡೆಗಿತ್ತು.

"ಚಾಲು" ಎಂದಳು ಆಂಜಿನಮ್ಮ.

ಆಕೆಯ ತವರು ರಾಯಲ್ಪಾಡು. ಆ ಕಡೆ ತೆಲುಗಿನಲ್ಲಿ ಚಾಲು ಎಂದರೆ ಸಾಕು, ನಿಲ್ಲಿಸು. ಮುರಳಿಮೋಹನನಿಗೆ ಗ್ಯಾರೇಜಿನಲ್ಲಿ ಗೊತ್ತಿದ್ದ ಚಾಲು ಒಂದೇ: ಗಾಡಿ ಚಾಲು, ಮೋಟರು ಚಾಲು. ಎಳೆದ.

"ಚಾಲು, ಚಾಲು."

ಇನ್ನೂ ಜೋರಾಗಿ ಎಳೆದ.

"ಅಯ್ಯೋ, ಚಾಲಯ್ಯಾ."

ಕಾಲು ಊರಿಕೊಂಡು ಎಳೆದ. ಹಾಲಿನ ಮೀಟರಿನ ಮುಳ್ಳು ಕೊನೆಯ ಗೆರೆ ದಾಟಿ ಟಕ್ಕೆಂದು ಬಡಿಯಿತು. ಬಿಟ್ಟ ಮೇಲೂ ಸೊನ್ನೆಗೆ ಬರದೆ ನಡುದಾರಿಯಲ್ಲೇ ನಿಂತಿತು.

ಆಂಜಿನಮ್ಮ ಮುಳ್ಳು ನೋಡುತ್ತಿರಲಿಲ್ಲ. ಗಂಡನನ್ನು ನೋಡುತ್ತಿದ್ದಳು. ಅವನ ಮನೆಮಾತು ತೆಲುಗು. ಮೊದಲನೇ ಚಾಲುವಿಗೇ ತಿರುಗಿ ಮುರಳಿಯ ಕೈ ಹಿಡಿಯಬೇಕಾದವನು ಮೂರಾದರೂ ಪೆನ್ಸಿಲ್ ಚೂಪು ಮಾಡುತ್ತಲೇ ಇದ್ದ.

೫

ಇಲ್ಲಿ ಆಂಜಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಡ್ರಾಫ್ಟ್ ಒಂದಿತ್ತು.

"ನಾನ್ಯಾಕೆ ಅಳ್ಲಿ?" ಎಂದಳು ಆಕೆ. "ಅವತ್ತು ಮಾಡಿದ್ದು ಬರಿ."

ಮಾಡಿದ್ದು ಇಷ್ಟು. ಎದ್ದು ಹೋಗಿ ಗಂಡನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. ಹೊಸ ಕಾಗದ ಅಂಟಿಸಿ, ಮುಳ್ಳು ನಿಂತಲ್ಲೇ ಸೊನ್ನೆ ಬರೆದಳು.

"ಇದು ಎಲ್ಲಿ ನಿಂತೈತೋ ಅಲ್ಲಿಂದ್ಲೇ ಲೆಕ್ಕ. ಮೊದ್ಲಿಂದ ಎಳೀರಿ."

ಈ ಸಲ ಬಾಯಿ ಬಿಡಲಿಲ್ಲ. ಮುಳ್ಳು ಬರಬೇಕಾದಲ್ಲಿ ಬಂದಾಗ ಗಂಡನ ಭುಜ ತಟ್ಟಿದಳು. ಅವನು ಕೈಯೆತ್ತಿದ, ಸಿರಿಂಜ್ ನಿಂತಿತು. ಐದು, ಹತ್ತು, ಹದಿನೈದು, ಇಪ್ಪತ್ತು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಒಂದೊಂದು ಕಾರ್ಬುರೇಟರಿಗೆ ಒಂದೊಂದು ಮೀಟರ್ ಸಿಕ್ಕಿಸಿ, ಅವನು ಸ್ಕ್ರೂ ತಿರುಗಿಸಿದ. ಎರಡೂ ಇಪ್ಪತ್ತು ಎಂದಾಗ ಭುಜದ ಮೇಲೆ ಒಂದೇ ತಟ್ಟು. ಟ್ಯಾಂಕಿನ ಮೇಲಿಟ್ಟಿದ್ದ ಟೀ ಲೋಟದಲ್ಲಿ ಸಣ್ಣ ಉಂಗುರವೆದ್ದಿತೇ ಹೊರತು ಚೆಲ್ಲಲಿಲ್ಲ.

"ಯಾಕಕ್ಕ, ಭುಜ ತಟ್ತಿದ್ರಿ?" ಎಂದು ಮುರಳಿಮೋಹನ್ ಆಕೆಯನ್ನು ಕೇಳಿದ.

"ಇಂಜಿನ್ ಸದ್ದಲ್ಲಿ ಮಾತು ಕೇಳ್ಸಲ್ಲಪ್ಪ."

ಆಕೆ ಒಳಗೆ ಹೋದ ಮೇಲೆ ಮುನಿಯಲ್ಲಪ್ಪನನ್ನೂ ಕೇಳಿದ.

"ಇಂಜಿನ್ ಸದ್ದಲ್ಲಿ ಮಾತು ಕೇಳ್ಸಲ್ಲ ಕಣಯ್ಯ."

ಸಿರಿಂಜ್ ಎಳೆಯುವಾಗ ಇಂಜಿನ್ ಆಫ್ ಆಗಿತ್ತು. ಏನು ಹೇಳಬೇಕೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡೂ ಇರಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತು.

೭

(ಆರರಲ್ಲಿ ದಾಂಪತ್ಯದ ಹೋಲಿಕೆ ಮತ್ತೆ ನುಸುಳಿತ್ತು. ಕಿತ್ತು ಹಾಕಿದ್ದೇನೆ.)

ಇಲ್ಲಿಯವರೆಗಿನದನ್ನು ಅವನ ಬಲಗಡೆ ಕೂತು ಓದಿದೆ.

"ಈ ಮುರಳಿಮೋಹನ್ ಯಾರಯ್ಯಾ?"

"ಪಾತ್ರ."

"ಸಿರಿಂಜ್ ಎಳೆದೋನು ನೀನು. ನನ್ನ ಕಿವಿ ಬಗ್ಗೆ ನಿಜ ಬರೀತೀಯ, ನಿನ್ನ ಕೈ ಬಗ್ಗೆ ಸುಳ್ಳು ಬರೀತೀಯ. ನಿನ್ನ ಮೀಟರೇ ಸರಿ ಇಲ್ಲ ಕಣೋ."

ಹೌದು, ನಾನೇ. ಮಾಲೂರೂ ನನ್ನದೇ, ಗಾಡಿಯೂ ನನ್ನದೇ. ಹೆಂಗಸೊಬ್ಬಳು ಮೂರು ಸಲ ಚಾಲು ಎಂದರೂ ಎಳೆದವನು ನಾನೇ.

"ಎರಡನೇ ತುಂಡು ತೆಗಿ" ಎಂದ.

ತೆಗೆದರೆ ಕಥೆ ನಡುಗುತ್ತದೆ, ಇಟ್ಟರೆ ಅವನ ಹೆಸರು. ಆದ್ದರಿಂದ ರಾಜಿಗೆ ಬಂದಿದ್ದೇನೆ. ಅವನ ಹೆಸರು ಮುನಿಯಲ್ಲಪ್ಪನಲ್ಲ, ಗ್ಯಾರೇಜು ಬಸ್ ಸ್ಟ್ಯಾಂಡ್ ಹಿಂದೆ ಇಲ್ಲ. ಈಗ ನಿಮಗೂ ಗೊತ್ತಾಗಿದೆ. ಎಂದಾದರೂ ಆ ಕಡೆ ಗಾಡಿ ರಿಪೇರಿಗೆ ಹೋಗಿ, ಹೆಂಡತಿ ಗಂಡನ ಭುಜ ತಟ್ಟುವುದನ್ನು ಕಂಡು ಪಕ್ಕದವರು ಯಾಕೆಂದು ಕೇಳಿದರೆ, ಏನು ಹೇಳಬೇಕೆಂದು ಗೊತ್ತಲ್ಲ? ಒಂದಕ್ಷರ ಆಚೀಚೆ ಆಗಬಾರದು.

ಕೊನೆ

ಅ) ಬಲಕಿವಿಯೂ ಹೋಗುತ್ತದೆ, ಗಾಡಿಗಳು ಬರುತ್ತಲೇ ಇರುತ್ತವೆ.

ಆ) ಮುಳಬಾಗಿಲಿನವನೊಬ್ಬ ಇದನ್ನು ಓದಿ ಗುರುತು ಹಿಡಿಯುತ್ತಾನೆ. (ಕನ್ನಡ ಕಥೆ ಓದುವವರ ಸಂಖ್ಯೆ ನೋಡಿದರೆ ಭಯವಿಲ್ಲ.)

ಇ) ಹಾಲಿನ ಮೀಟರನ್ನು ಕೋದಂಡರಾಮಪ್ಪ ವಾಪಸ್ ಕೇಳುತ್ತಾರೆ.

ಯಾವುದನ್ನು ಇಡಲಿ ಎಂದು ಆಂಜಿನಮ್ಮನನ್ನು ಕೇಳಿದೆ. ಆಕೆ ಮೀಟರಿನ ಗಾಜು ಒರೆಸುತ್ತಿದ್ದಳು. ಪೆನ್ಸಿಲ್ ಗುರುತು ಅಳಿಸದಂತೆ, ಮೆಲ್ಲಗೆ.

"ಮೂರೂ ಬ್ಯಾಡ್ವಾ? ಇನ್ನೂ ಬರೀಲಾ, ಇಲ್ಲಿಗೇ ನಿಲ್ಲಿಸ್ಲಾ?"

ತಲೆಯೆತ್ತದೆ ಒಂದೇ ಮಾತು ಹೇಳಿದಳು:

"ಚಾಲು."