ಅಶ್ವಿನಿಯ ಏಳನೆಯ ಬ್ಲಾಟ್

ಯಂಕಪ್ಪನ ಮಗಳು ಅಶ್ವಿನಿಗೆ ಸಿಟ್ಟು ಬಂದರೆ ಕೈ ಮುಂದೆ, ಬುದ್ಧಿ ಹಿಂದೆ. ಗಾರೆ ಕೆಲಸದ ಅಪ್ಪನಿಂದ ಬಂದ ಆಸ್ತಿ ಅದೊಂದೇ. ಬನ್ನಂಜೆಯ ಬಾಡಿಗೆ ಕೋಣೆಯಲ್ಲಿ ಅವನ ಬೆಲ್ಟಿನ ಏಟು ತಿನ್ನುತ್ತಲೇ ಓದಿ, ಮಣಿಪಾಲದ ಲ್ಯಾಬೊಂದರಲ್ಲಿ ಪಿಎಚ್‌ಡಿಯ ಐದನೇ ವರ್ಷ ತಲುಪಿದ್ದಳು.

"ಏನವ್ವಾ ನಿನ್ನ ಕೆಲಸ?" ಎಂದು ಅಪ್ಪ ಒಮ್ಮೆ ಕೇಳಿದ್ದ.

"ಜೀವಕೋಶದಾಗ ಒಬ್ಬ ಮೇಸ್ತ್ರಿ ಅದಾನಪ್ಪಾ, ಪಾಲಿಮರೇಸ್ ಅಂತ. ಜೀನ್ ನೋಡಿ ಆರ್‌ಎನ್‌ಎ ಕಟ್ಟತಾನ. ಆದರ ಒಂದೀಟು ಕಟ್ಟಿ ನಿಂತುಬಿಡತಾನ. ಒಂದು ಕಿಣ್ವ ಬಂದು ಅವನ ಬಾಲಕ್ಕ ಫಾಸ್ಫೇಟ್ ಅಂಟಿಸಿದ್ರನ ಮುಂದ ಓಡೂದು. ಕ್ಯಾನ್ಸರ್‌ನಾಗ ಆ ಓಟ ನಿಲ್ಲಂಗಿಲ್ಲ. ನಮ್ಮ ಮದ್ದು ಆ ಕಿಣ್ವದ ಕೈ ಹಿಡೀತದ."

"ಕೈ ಹಿಡಿಯೂದ್ಯಾಕ, ನಾಕು ಬಾರಿಸು," ಎಂದು ಯಂಕಪ್ಪ ನಕ್ಕಿದ್ದ.

ಮದ್ದು ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಇದ್ದದ್ದು ಬ್ಲಾಟ್. ಜೀವಕೋಶದ ಪ್ರೋಟೀನನ್ನು ಒಂದು ಬಿಳಿ ಹಾಳೆಗೆ ಇಳಿಸಿ, ಫಾಸ್ಫೇಟ್ ಇರುವ ಬಾಲವನ್ನಷ್ಟೇ ಹಿಡಿಯುವ ಆಂಟಿಬಾಡಿ ಹಾಕಬೇಕು. ಅದು ಅಂಟಿದಲ್ಲಿ ಕಪ್ಪು ಪಟ್ಟಿ ಮೂಡುತ್ತದೆ. ಖಾಲಿ ಜಾಗಕ್ಕೂ ಅಂಟದಿರಲೆಂದು ಹಾಳೆಯನ್ನು ಮೊದಲು ಹಾಲಿನ ಪುಡಿಯ ನೀರಿನಲ್ಲಿ ನೆನೆಸುವುದು ಆ ಲ್ಯಾಬಿನ ವಾಡಿಕೆ. ಹಿರಿಯರೆಲ್ಲ ಮಾಡಿದ್ದೂ ಅದನ್ನೇ. ಅಶ್ವಿನಿಯ ಆರು ಬ್ಲಾಟ್‌ಗಳೂ ತವೆಯ ತಳದ ಹಾಗೆ ಪೂರ್ತಿ ಕಪ್ಪಾಗಿದ್ದವು.

"ಏಳನೆಯದೂ ಹೀಗೇ ಆದರೆ ಪ್ರಾಜೆಕ್ಟ್ ಪ್ರತೀಕ್‌ಗೆ ಕೊಡುತ್ತೇನೆ," ಎಂದಿದ್ದರು ಗೈಡ್ ಅನಂತೇಶ ಸರ್.

ಪ್ರತೀಕ್ ಕಾರ್ಕಳದವನು, ಅವಳಿಗಿಂತ ಎರಡು ವರ್ಷ ಕಿರಿಯ. ಏನೋ ಹೇಳಬೇಕೆಂದು ಮೂರು ಸಲ ಅವಳ ಮೇಜಿನ ಹತ್ತಿರ ಬಂದಿದ್ದ. ಮೂರು ಸಲವೂ "ನಿನ್ನ ಕೆಲಸ ನೋಡ್ಕೋ" ಎಂದು ಅಟ್ಟಿದ್ದಳು. ಬಾಯಿ ಮುಚ್ಚಿಸುವುದರಲ್ಲಿ ನಮ್ಮ ಅಶ್ವಿನಿಗೆ ಯಾವ ಡಿಗ್ರಿಯೂ ಬೇಕಿರಲಿಲ್ಲ.

ಏಳನೆಯ ಹಾಳೆಯನ್ನು ಹಾಲಿನ ತಟ್ಟೆಯಲ್ಲಿಟ್ಟು ಊಟಕ್ಕೆ ಹೋದವಳು ಬೇಗನೇ ಮರಳಿದಳು. ಸಿಂಕಿನ ಹತ್ತಿರ ಪ್ರತೀಕ್ ನಿಂತಿದ್ದ. ಅವಳ ತಟ್ಟೆಯ ಹಾಲನ್ನು ಚೆಲ್ಲಿ, ಹಾಳೆಯನ್ನು ಇಕ್ಕಳದಲ್ಲಿ ಹಿಡಿದು, ಬೇರೇನೋ ತಿಳಿ ದ್ರಾವಣಕ್ಕೆ ಬಿಡುತ್ತಿದ್ದ.

"ನನ್ನ ಬಾಯಿಗೆ ಮಣ್ಣ ಹಾಕಾಕ ಬಂದಿಯೇನಲೇ!"

"ಹಾಲು ಬೇಡ ಮಾರಾಯ್ತಿ, ಹಾಲಿನಲ್ಲಿ..."

ಅವಳು ಮುಗಿಸಲು ಬಿಡಲಿಲ್ಲ. ಕೈಗೆ ಸಿಕ್ಕ ಗಾಜಿನ ಬಾಟಲಿಯನ್ನು ಅವನ ಮುಖಕ್ಕೆ ಬೀಸಿದಳು. ಬಾಟಲಿ ಒಡೆಯಿತು. ಅವನು ಮೇಜಿನ ಅಂಚಿಗೆ ಬಡಿದು ಕೆಳಗೆ ಬಿದ್ದ. ಬಿದ್ದವನ ಪಕ್ಕೆಗೆ ಒದ್ದಳು, ಮತ್ತೆ ಒದ್ದಳು. ಅಂಗೈಯಿಂದ ಕಣ್ಣು ಮುಚ್ಚಿಕೊಂಡ ಅವನ ಬೆರಳುಗಳ ಸಂದಿಯಿಂದ ರಕ್ತ ಮೊಣಕೈವರೆಗೂ ಹರಿಯಿತು. ನಾಲ್ಕು ಜನ ಬಂದು ಎಳೆಯುವ ತನಕ ಅವಳು ನಿಲ್ಲಿಸಲಿಲ್ಲ. ಅಷ್ಟು ಹೊತ್ತೂ ಅವಳಿಗೆ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು?

ಮರುದಿನ ಸರ್ ಕರೆಸಿದರು. ಮೇಜಿನ ಮೇಲೆ ಒಂದು ಚಿತ್ರವಿತ್ತು. ಬೆಳ್ಳಗಿನ ಹಾಳೆಯಲ್ಲಿ ಸಾಲಾಗಿ ಕಪ್ಪು ಪಟ್ಟಿಗಳು. ಮದ್ದು ಹೆಚ್ಚಿದಂತೆ ಪಟ್ಟಿ ತೆಳುವಾಗಿ, ಕೊನೆಯದು ಕಾಣದಂತೆ ಅಳಿಸಿಹೋಗಿತ್ತು. ಐದು ವರ್ಷ ಅವಳು ಕಾದದ್ದು ಇದಕ್ಕೇ.

"ಹಾಲಿನ ಪ್ರೋಟೀನಿನಲ್ಲೇ ಫಾಸ್ಫೇಟ್ ಉಂಟು," ಎಂದರು ಸರ್. "ಆಂಟಿಬಾಡಿ ಅದನ್ನೇ ಹಿಡಿಯುತ್ತಿತ್ತು. ನನಗೂ ಹೊಳೆಯಲಿಲ್ಲ. ಅವನು ಹಾಳೆಯನ್ನು ಫಾಸ್ಫೇಟ್ ಇಲ್ಲದ ಆಲ್ಬುಮಿನ್ ದ್ರಾವಣಕ್ಕೆ ಹಾಕಿದ್ದ. ಹೇಳಿದರೆ ನೀವು ಕೇಳುವುದಿಲ್ಲವಂತೆ. ನಿನ್ನೆ ಆಸ್ಪತ್ರೆಯಿಂದಲೇ ಫೋನ್ ಮಾಡಿಸಿದ, ಅಶ್ವಿನಿಯ ಹಾಳೆ ಒಣಗಲು ಬಿಡಬೇಡಿ ಅಂತ. ಉಳಿದದ್ದು ನಾನೇ ಮುಗಿಸಿದೆ."

"ಕಣ್ಣು?"

"ಬಲಗಣ್ಣು ಹೋಯಿತು. ನೀವು ಇನ್ನು ಲ್ಯಾಬಿಗೆ ಬರಬೇಡಿ."

ಆಸ್ಪತ್ರೆಯ ವಾರ್ಡಿನಲ್ಲಿ ಪ್ರತೀಕ್ ಮಲಗಿದ್ದ, ಅರ್ಧ ಮುಖ ಬ್ಯಾಂಡೇಜು. ಪಕ್ಕದಲ್ಲಿದ್ದ ಅವನ ತಾಯಿ ಶ್ರೀಮತಿ, ಒಳಬಂದ ಅಶ್ವಿನಿಗೆ ಸ್ಟೂಲು ಎಳೆದುಕೊಟ್ಟರು.

"ಲ್ಯಾಬಿನವರಾ? ಕುಳಿತುಕೊಳ್ಳಿ. ನೀರು ಉಂಟು, ಕುಡಿಯುತ್ತೀರಾ?"

"ಹೊಡೆದದ್ದು ನಾನ, ಅಮ್ಮಾ."

ಶ್ರೀಮತಿ ಎದ್ದು ಬಂದು ಕೆನ್ನೆಗೆ ಬಾರಿಸಿದರು. ಅಶ್ವಿನಿಯ ಕೈ ತಾನಾಗಿ ಮೇಲೆದ್ದಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿ, ಎರಡನೆಯ ಏಟಿಗೆ ಅಲ್ಲಿಯೇ ನಿಂತಳು.