ಅಕ್ಕನ ಎದುರು ಟೈಲ್ಸ್ ಕೇಸು

ವಕೀಲರಿಗೂ ಪಾಠ ಹೇಳುವವರಿದ್ದಾರೆ ಎಂಬುದು ನನಗೆ ಗೊತ್ತಾಗಿದ್ದು ಅಕ್ಕನಿಂದ. ವರ್ಷಗಟ್ಟಲೆ ಕರಿಕೋಟು ಹಾಕಿ ವಾದಿಸಿದ ಮೇಲೂ, ಇಬ್ಬರ ಜಗಳವನ್ನು ಕೋರ್ಟಿನ ಹೊರಗೇ ಕೂತು ತೀರ್ಮಾನಿಸುವ ಮಧ್ಯಸ್ಥಗಾರ್ತಿ ಆಗಬೇಕಾದರೆ ಮತ್ತೆ ತರಬೇತಿ, ಮತ್ತೆ ಪರೀಕ್ಷೆ. ಹೋದ ವರ್ಷ ಅಕ್ಕ ಫೇಲು. "ಎಲ್ಲರ ಮಾತಿಗೂ ಕರಗುತ್ತಾರೆ" ಎಂದು ಬರೆದಿದ್ದರಂತೆ. ಕರಗುವುದೂ ತಪ್ಪಂತೆ! ಈ ಸಲವೂ ಹೋದರೆ ಇನ್ನೊಂದು ಅವಕಾಶವಿಲ್ಲ.

ತರಬೇತಿಯ ಕೊನೆಯ ದಿನದ ಪರೀಕ್ಷೆಯೇ ಅಣಕು ವಿಚಾರಣೆ. ಅವಳನ್ನು ಗಾಡಿಯಿಂದ ಇಳಿಸಿ ಹೊರಡುವಷ್ಟರಲ್ಲಿ ತರಬೇತಿ ಕೊಡುವ ಮೇಡಂ ಓಡಿಬಂದರು. ಕಕ್ಷಿದಾರನ ಪಾತ್ರ ಮಾಡಬೇಕಾದವನಿಗೆ ಗಂಟಲು ಕಟ್ಟಿತ್ತಂತೆ.

"ನೀವೇನ್ ಕೆಲ್ಸ ಮಾಡ್ತೀರಿ?"

"ಟೈಲ್ಸ್ ಹಾಕ್ತೀನಿ."

"ದೇವ್ರೇ ಕಳಿಸ್ದಂಗಾಯ್ತು! ನಮ್ ಕೇಸೂ ಟೈಲ್ಸ್‌ದೇ. ಬನ್ನಿ ಬನ್ನಿ."

ಉದ್ದ ಮೇಜು, ನೀರಿನ ಬಾಟಲಿಗಳು, ಮೈ ಕೊರೆಯುವ ಏಸಿ. ಮೂಲೆಯಲ್ಲಿ ಪರೀಕ್ಷಕರಾಗಿ ಒಬ್ಬ ನಿವೃತ್ತ ನ್ಯಾಯಾಧೀಶರು. ನಡುವಿನ ಕುರ್ಚಿಯಲ್ಲಿ ಅಕ್ಕ. ನನ್ನನ್ನು ಕಂಡದ್ದೇ ಅವಳ ಮುಖ ಇಳಿಯಿತು. ಆದರೂ ಅವಳ ಮೊದಲ ಮಾತೇ ಇದು: "ಇವರು ನನ್ನ ಸ್ವಂತ ತಮ್ಮ. ಯಾರಿಗಾದ್ರೂ ತಕರಾರಿದ್ರೆ ಈಗ್ಲೇ ಹೇಳಿ."

ಎದುರು ಪಕ್ಷದ ವಕೀಲ, ತರಬೇತಿಯಲ್ಲಿ ಅವಳ ಜೊತೆಗಾರ, ನಕ್ಕ. "ನಂದೇನಿಲ್ಲ. ತಮ್ಮ ಸೋತ್ರೆ ಮನೇಲಿ ಮುಖ ಊದಿಸ್ಕೊಳ್ಳೋದನ್ನ ನೋಡ್ಬೇಕಾದೋರು ನೀವು."

ಕೈಗೆ ಕೊಟ್ಟ ಹಾಳೆಯ ಪ್ರಕಾರ ನಾನು ಹಾಕಿದ ಟೈಲ್ಸ್ ಒಡೆದಿದ್ದವು. ಮತ್ತೆ ಹಾಕಿಕೊಡು ಎಂದು ಮನೆಯೊಡೆಯನ ಪಟ್ಟು. "ಕೆಲಸವೇ ಕಳಪೆ" ಎಂದು ವಕೀಲ ಅಂದಿದ್ದೇ ತಡ, ಸಿಟ್ಟು ನೆತ್ತಿಗೇರಿತು.

"ಕಳಪೆನಾ? ನೆಲ ಒಣಗಕ್ಕೂ ಬಿಡ್ದೆ ಸೋಫಾ ಎಳ್ದಾಡಿದ್ದು ಯಾರ್ರೀ?"

"ಸೋಫಾ ಎಲ್ಲಿಂದ ಬಂತಪ್ಪಾ? ಕೇಸಲ್ಲೇ ಇಲ್ವಲ್ಲ!"

ಇರಲಿಲ್ಲ ನಿಜ. ಅದು ಹೋದ ತಿಂಗಳು ನಾನು ಕೆಲಸ ಮಾಡಿದ ಮನೆಯ ಸೋಫಾ. ಅದನ್ನೇ ಹೇಳಿ ಹೇಳಿ ಮನೆಯವರ ತಲೆ ತಿಂದಿದ್ದೆ.

"ಅಕ್ಕಾ, ನಿಂಗೆ ಗೊತ್ತಲ್ವೇನೇ! ಹೇಳೇ ಇವನಿಗೆ!"

ಎಲ್ಲರೂ ಅವಳತ್ತ ತಿರುಗಿದರು. ಅಕ್ಕ ಪೆನ್ನು ಕೆಳಗಿಟ್ಟಳು. "ಮನೇಲಿ ನಂಗೆ ಗೊತ್ತಾಗಿದ್ದು ಈ ಮೇಜಿಗೆ ಬರಲ್ಲ. ಇಲ್ಲಿ ತೋರ್ಸಕ್ಕೆ ನಿಮ್ ಹತ್ರ ಏನಿದೆ?"

ನಿಮ್ ಹತ್ರ! ಬುದ್ಧಿ ಬಂದಾಗಿನಿಂದ 'ಲೋ' ಬಿಟ್ಟು ಬೇರೆ ಕರೆದವಳಲ್ಲ.

"ಏನೂ ಇಲ್ಲ," ಎಂದೆ ಹಲ್ಲು ಕಡಿದು.

"ಬೇರೇನಾದ್ರೂ ಹೇಳೋದಿದ್ಯಾ? ಆತುರ ಬೇಡ, ಕೇಳ್ತಿದ್ದೀನಿ."

ಆ ಸೋಫಾದವನು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಬೈದು ಕಳಿಸಿದ್ದ. ಹೀಗೆ ಯಾರು ಕೇಳಿದ್ದರು? ಹಾಳೆಯಲ್ಲಿದ್ದುದನ್ನು ಒಂದೊಂದಾಗಿ ಹೇಳಿದೆ. ವಕೀಲ ನಡುವೆ ಬಾಯಿ ಹಾಕಿದಾಗ ಅಕ್ಕ ಬೆರಳೆತ್ತಿ ಸುಮ್ಮನಾಗಿಸಿದಳು. ಕೊನೆಗೆ ತೀರ್ಪು: ತಪ್ಪು ನನ್ನದಲ್ಲ ಎನ್ನಲು ಪುರಾವೆಯಿಲ್ಲ, ಟೈಲ್ಸ್ ಮತ್ತೆ ನಾನೇ ಹಾಕಿಕೊಡಬೇಕು.

ಸೋತೆ. ಮೈ ಉರಿಯುತ್ತಿತ್ತು, ಒಳಗೆಲ್ಲೋ ತಂಪಾಗಿಯೂ ಇತ್ತು.

"ತಮ್ಮನಿಗೇ ಕರಗ್ಲಿಲ್ಲ, ಇನ್ಯಾರಿಗೆ ಕರಗ್ತೀರಿ?" ಎಂದರು ನ್ಯಾಯಾಧೀಶರು. "ಪಾಸು."

ಹೊರಗೆ ಬಂದದ್ದೇ ಅಕ್ಕ ನನ್ನ ತೋಳು ಹಿಡಿದಳು. "ಲೋ, ಬೈಯೋದಿದ್ರೆ ಈಗ ಬೈದ್ಬಿಡು."

"ಒಳ್ಳೇ ಕಲ್ಲು ಕಣೇ ನೀನು," ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹಿಂದೆಯೇ ಮೇಡಂ ಬಂದರು. "ಮುಂದಿನ ತಂಡಕ್ಕೂ ಬರ್ತೀರಾ? ಇಷ್ಟು ಚೆನ್ನಾಗಿ ಸಿಟ್ಟು ಮಾಡ್ಕೊಳ್ಳೋರು ನಮಗೆ ಸಿಗಲ್ಲ."

"ಬರ್ತೀನಿ. ಆದ್ರೆ ಮನೆಯೊಡೆಯನ ಪಾರ್ಟು ಕೊಡ್ಬೇಕು. ಗೆದ್ದು ನೋಡ್ಬೇಕು ನಾನೂ ಒಂದ್ಸಲ."